ಗ್ಲೀನ್ ಅಂದರೆ ಬರೀ ‘ಸಂಗ್ರಹಿಸು’ ಅಲ್ಲ

ಡಿಕ್ಷನರಿಯಲ್ಲಿ ಗ್ಲೀನ್ ಎಂಬ ಕ್ರಿಯಾಪದಕ್ಕೆ ‘ಸಂಗ್ರಹಿಸು, ಒಟ್ಟುಗೂಡಿಸು’ ಅಂತ ಇದೆ, ಹಾಗಿದ್ದರೆ ಗ್ಯಾದರ್, ಕಲೆಕ್ಟ್ ಬರುವ ಕಡೆಯೆಲ್ಲ ಇದನ್ನು ಹಾಕಬಹುದಾ, ಈ ಪದ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ‘ವಿ ಗ್ಲೀನ್ಡ್ ನಿಯರ್ ದಿ ಗೇಟ್’ ಅಂತ ಒಂದು ವಾಕ್ಯವನ್ನೂ ಬರೆದು, ಸರಿಯಾ ಎಂದಿದ್ದೀರಿ.

ಎಲ್ಲ ಕಡೆ ಹಾಕಲು ಆಗುವುದಿಲ್ಲ. ಡಿಕ್ಷನರಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿ ಸುಮ್ಮನಾಗಿದೆ ಅಷ್ಟೇ. ಈ ಪದಕ್ಕೆ ಕನ್ನಡದಲ್ಲಿ ಸರಿಯಾಗಿ ಕೂರುವ ಮಾತು ‘ಹಕ್ಕಲಾಯುವುದು’. ಪೈರು ಕೊಯ್ದು, ಸಿವುಡು ಕಟ್ಟಿ, ಎಲ್ಲ ಸಾಗಿಸಿದ ಮೇಲೂ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಬಿದ್ದಿರುತ್ತದೆ, ಅದು ಹಕ್ಕಲು. ಬಗ್ಗಿ ಬಗ್ಗಿ ಅದನ್ನು ಆರಿಸುವುದೇ ಗ್ಲೀನ್ ಪದದ ಮೊದಲ ಅರ್ಥ. ಸುಗ್ಗಿ ಬೇರೆಯವರದ್ದು, ಅವರು ಬಿಟ್ಟುಹೋದ ಚೂರುಪಾರು ಮಾತ್ರ ನಿಮ್ಮದು, ಅದನ್ನೂ ಹುಡುಕಿಯೇ ಎತ್ತಿಕೊಳ್ಳಬೇಕು. ಇಷ್ಟು ತಲೆಯಲ್ಲಿ ಇದ್ದರೆ ಬಳಕೆಯ ಮುಕ್ಕಾಲು ಪಾಲು ಗೊಂದಲ ಹೋಗುತ್ತದೆ.

ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಹಳೆಯ ಫ್ರೆಂಚಿನಲ್ಲಿ ‘ಗ್ಲೆನೆರ್’, ಈಗಿನ ಫ್ರೆಂಚಿನಲ್ಲಿ ‘ಗ್ಲಾನೆ’. ಇಂಗ್ಲಿಷ್ ಬರಹಗಳಲ್ಲಿ 14ನೇ ಶತಮಾನದಿಂದ ಸಿಗುತ್ತದೆ. ಫ್ರೆಂಚಿಗೆ ಮೊದಲು ಕೊನೆಗಾಲದ ಲ್ಯಾಟಿನ್‌ನಲ್ಲಿ ಇತ್ತು, ಆದರೆ ಅದು ಲ್ಯಾಟಿನ್‌ನ ಸ್ವಂತ ಪದದಂತೆ ಕಾಣುವುದಿಲ್ಲ. ರೋಮನ್ನರು ಬರುವ ಮೊದಲು ಈಗಿನ ಫ್ರಾನ್ಸ್ ಇರುವ ಜಾಗದಲ್ಲಿ ಗಾಲ್ ಜನ ಆಡುತ್ತಿದ್ದ ಕೆಲ್ಟಿಕ್ ಭಾಷೆಯಿಂದ ಬಂದಿರಬೇಕು ಎಂಬುದು ಭಾಷಾ ತಜ್ಞರ ಊಹೆ, ಯಾಕೆಂದರೆ ಅದೇ ಬಳಗದ ಹಳೆಯ ಐರಿಶ್‌ನಲ್ಲೂ ‘ಆರಿಸಿ ಕೂಡಿಸು’ ಎಂಬ ಅರ್ಥದ ಇಂಥದ್ದೇ ಪದವಿದೆ. ಒಂದು ವೇಳೆ ಇದು ನಿಜವಾದರೆ, ರಾಜರ ಭಾಷೆ ಬದಲಾದರೂ ಹೊಲದ ಭಾಷೆ ಬದಲಾಗಲಿಲ್ಲ ಅಂತಾಯಿತು. ಇನ್ನೊಂದು ಮಾತು: ಗ್ಲೀನ್ ಮತ್ತು ಕ್ಲೀನ್ ಪ್ರಾಸ ಕೂಡಿದರೂ ನೆಂಟರಲ್ಲ. ಹೊಳೆಯುವುದು ಎಂಬ ಅರ್ಥದ ‘ಗ್ಲೀಮ್’ ಕೂಡ ಬೇರೆಯೇ. ಟೈಪ್ ಮಾಡುವಾಗ ಇದನ್ನು ಅದು, ಅದನ್ನು ಇದು ಮಾಡುವವರು ಬಹಳ ಜನ.

ಗ್ಲೀನ್ ಪದ ಇಷ್ಟು ಗಟ್ಟಿಯಾಗಿ ಉಳಿಯಲು ಬೈಬಲ್ ಒಂದು ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಒಂದು ಕಟ್ಟಳೆ ಇದೆ: ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲನ್ನು ನೀನೇ ಆರಿಸಿಕೊಳ್ಳಬೇಡ, ಬಡವರಿಗೂ ಪರದೇಶದವರಿಗೂ ಬಿಡು. 1611ರ ಇಂಗ್ಲಿಷ್ ಅನುವಾದದಲ್ಲಿ ಈ ಸಾಲು ‘ಗ್ಯಾದರ್ ದಿ ಗ್ಲೀನಿಂಗ್ಸ್’ ಅಂತ ಇದೆ. ಗಮನಿಸಿ, ಗ್ಯಾದರ್ ಮತ್ತು ಗ್ಲೀನ್ ಒಂದೇ ಸಾಲಿನಲ್ಲಿ ಬಂದಿವೆ. ಎರಡೂ ಒಂದೇ ಆಗಿದ್ದರೆ ಹೀಗೆ ಬರೆಯುವ ಅಗತ್ಯವೇ ಇರಲಿಲ್ಲ, ಅಲ್ವಾ? ಇನ್ನು ರೂತಳ ಕಥೆ. ಗಂಡ ಸತ್ತ ರೂತಳು ಅತ್ತೆಯ ಜೊತೆ ಪರ ಊರಿಗೆ ಬಂದು, ಬೋವಜನ ಹೊಲದಲ್ಲಿ ಜವೆಗೋಧಿಯ ತೆನೆ ಆಯುತ್ತಾಳೆ. ಅವಳಿಗೆ ಸಿಗಲಿ ಅಂತ ಬೇಕೆಂದೇ ಒಂದಿಷ್ಟು ತೆನೆ ಬೀಳಿಸಿ ಹೋಗಿ ಎಂದು ಬೋವಜ ತನ್ನ ಆಳುಗಳಿಗೆ ಹೇಳುತ್ತಾನೆ. ಚರ್ಚಿಗೆ ಹೋಗುವ ಇಂಗ್ಲಿಷರಿಗೆಲ್ಲ ಈ ಕಥೆ ಬಾಯಿಪಾಠ.

ಹಾಗಾಗಿಯೇ ಇಂಗ್ಲೆಂಡಿನ ಬಡವರು ಇದನ್ನು ದಾನ ಅಂದುಕೊಂಡಿರಲಿಲ್ಲ, ಹಕ್ಕು ಅಂದುಕೊಂಡಿದ್ದರು. ಹಳ್ಳಿಗಳಲ್ಲಿ ಇದಕ್ಕೆ ಕಟ್ಟುಪಾಡು ಇತ್ತು. ಹೊಲದಲ್ಲಿ ಕೊನೆಯ ಸಿವುಡು ಒಂದು ನಿಂತಿದೆ ಅಂದರೆ ಇನ್ನೂ ಒಳಗೆ ಬರಬೇಡಿ ಅಂತ ಅರ್ಥ. ಕೆಲವು ಕಡೆ ಚರ್ಚಿನ ಗಂಟೆ ಹೊಡೆದ ಮೇಲೆಯೇ ಎಲ್ಲರೂ ಒಟ್ಟಿಗೆ ಇಳಿಯಬೇಕು, ಬೇಗ ಎದ್ದವರು ಬಾಚಿಕೊಂಡು ಹೋಗುವಂತಿಲ್ಲ. ಇದು ಕೋರ್ಟಿಗೂ ಹೋಯಿತು. ಸಫೋಕ್ ಪ್ರಾಂತದ ಟಿಮ್‌ವರ್ತ್‌ನಲ್ಲಿ ಮೇರಿ ಹೌಟನ್ ಎಂಬಾಕೆ ಹಕ್ಕಲು ಆಯ್ದದ್ದಕ್ಕೆ ಹೊಲದ ಒಡೆಯ ಸ್ಟೀಲ್ ದಾವೆ ಹೂಡಿದ. 1788ರಲ್ಲಿ ತೀರ್ಪು ಬಂತು: ಹಕ್ಕಲಾಯಲು ಕಾನೂನಿನಲ್ಲಿ ಯಾರಿಗೂ ಹಕ್ಕಿಲ್ಲ. ನಾಲ್ವರು ನ್ಯಾಯಾಧೀಶರಲ್ಲಿ ಮೂವರು ಒಡೆಯನ ಕಡೆ, ಒಬ್ಬರು ಮಾತ್ರ ಬಡವರ ಕಡೆ. ತೀರ್ಪು ಬಂದ ಮೇಲೂ ಮುಂದಿನ ಶತಮಾನದುದ್ದಕ್ಕೂ ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ಮಕ್ಕಳು ತೆನೆ ಆಯುತ್ತಲೇ ಇದ್ದರು. ಫ್ರಾನ್ಸಿನ ಚಿತ್ರಕಾರ ಮಿಲೆ 1857ರಲ್ಲಿ ಬರೆದ ಚಿತ್ರದಲ್ಲಿ ಮೂವರು ಹೆಂಗಸರು ಮಾಡುತ್ತಿರುವುದು ಇದನ್ನೇ. ಮುಂದೆ ನೆಲಕ್ಕೆ ಬಗ್ಗಿದ ಇವರು, ದೂರದಲ್ಲಿ ರಾಶಿ ರಾಶಿ ಬೆಳೆ. ಗ್ಲೀನ್ ಪದದ ಅರ್ಥ ಯಾರಿಗಾದರೂ ಹೇಳಬೇಕಾದರೆ ನಾನು ಡಿಕ್ಷನರಿ ಬದಲು ಈ ಚಿತ್ರವನ್ನೇ ತೋರಿಸುತ್ತೇನೆ. ತಮಾಷೆ ಏನೆಂದರೆ, ಅಮೆರಿಕದ ಒಂದು ಕಂಪನಿ ಇದೇ ಚಿತ್ರದ ಹೆಸರು ಹಿಡಿದು ತನ್ನ ಕೊಯ್ಲು ಯಂತ್ರಕ್ಕೆ ‘ಗ್ಲೀನರ್’ ಅಂತ ಹೆಸರಿಟ್ಟಿತು. ಹಕ್ಕಲು ಉಳಿಯದ ಹಾಗೆ ಕೊಯ್ಯುವ ಯಂತ್ರಕ್ಕೆ ಹಕ್ಕಲಾಯುವವಳ ಹೆಸರು!

ಈಗ ಬಳಕೆಗೆ ಬರೋಣ. ಇಂದಿನ ಇಂಗ್ಲಿಷಿನಲ್ಲಿ ತೆನೆ ಹೋಗಿ ಆ ಜಾಗಕ್ಕೆ ಮಾಹಿತಿ ಬಂದಿದೆ. ಇನ್ಫರ್ಮೇಶನ್, ಡೀಟೇಲ್ಸ್, ಕ್ಲೂ, ಇನ್‌ಸೈಟ್ ಇಂಥವೇ ಜಾಸ್ತಿ ಇದರ ಜೊತೆ ಬರುತ್ತವೆ, ಮತ್ತು ಎಲ್ಲಿಂದ ಅಂತ ಹೇಳಲು ‘ಫ್ರಮ್’ ಬರುತ್ತದೆ. ‘ಶಿ ಗ್ಲೀನ್ಡ್ ಅ ಫ್ಯೂ ಫ್ಯಾಕ್ಟ್ಸ್ ಫ್ರಮ್ ಹಿಸ್ ಲೆಟರ್ಸ್’ ಅಂದರೆ ಅವನು ಕಾಗದದಲ್ಲಿ ಅದನ್ನು ಹೇಳಬೇಕು ಅಂತ ಹೇಳಿರಲಿಲ್ಲ, ಹತ್ತಾರು ಕಾಗದ ಓದಿ, ಅಲ್ಲೊಂದು ಇಲ್ಲೊಂದು ಮಾತು ಹಿಡಿದು ಅವಳೇ ತಿಳಿದುಕೊಂಡಳು ಎಂದು. ಕನ್ನಡಕ್ಕೆ ತರುವಾಗ ‘ಸಂಗ್ರಹಿಸಿದಳು’ ಅಂತ ಹಾಕಿದರೆ ಸಪ್ಪೆಯಾಗುತ್ತದೆ. ‘ಅಷ್ಟಿಷ್ಟು ಹೆಕ್ಕಿಕೊಂಡಳು’, ‘ಮಾತಿನ ಸಂದಿಯಲ್ಲಿ ತಿಳಿದುಕೊಂಡಳು’ ಅನ್ನಬಹುದು. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಆ ವಿಷಯವನ್ನು ಯಾರಾದರೂ ಇಡಿಯಾಗಿ ಕೈಗೆ ಕೊಟ್ಟರಾ? ಕೊಟ್ಟಿದ್ದರೆ ಅದು ಗ್ಲೀನ್ ಅಲ್ಲ. ಮೇಷ್ಟ್ರು ಪಾಠ ಮಾಡಿದ್ದನ್ನು ಕೇಳಿ ಕಲಿತದ್ದು ‘ಲರ್ನ್’. ಅವರು ಇನ್ನೊಬ್ಬರ ಜೊತೆ ಆಡುತ್ತಿದ್ದ ಮಾತು ಕಿವಿಗೆ ಬಿದ್ದು ಪರೀಕ್ಷೆ ಮುಂದಕ್ಕೆ ಹೋಗಬಹುದು ಅಂತ ಗೊತ್ತಾದರೆ ಅದು ಗ್ಲೀನ್. ಈಚೆಗೆ ಬರೀ ‘ತಿಳಿದುಕೊಂಡೆ’ ಅನ್ನುವುದಕ್ಕೂ ಇದನ್ನು ಬಳಸುವವರಿದ್ದಾರೆ. ತಪ್ಪು ಅಂತ ಜಗಳ ಆಡುವುದಿಲ್ಲ, ಆದರೆ ಪದದ ರುಚಿ ಹೋಯಿತು.

ಹತ್ತಿರದ ಪದಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ‘ಗಾರ್ನರ್’ ಕೂಡ ಹೊಲದ್ದೇ, ಲ್ಯಾಟಿನ್‌ನಲ್ಲಿ ಕಣಜಕ್ಕೆ ಇದ್ದ ಪದದಿಂದ ಬಂದದ್ದು. ಅದು ತುಂಬಿಸಿ ಇಡುವುದು, ಹಾಗಾಗಿ ಮತ, ಬೆಂಬಲ, ಹೊಗಳಿಕೆ ಗಳಿಸುವುದಕ್ಕೆ ಹೊಂದುತ್ತದೆ. ‘ಮಸ್ಟರ್’ ದಂಡಿನ ಪದ, ಸೈನಿಕರನ್ನು ಸಾಲಾಗಿ ನಿಲ್ಲಿಸಿ ತೋರಿಸುವುದರಿಂದ ಬಂದದ್ದು, ಈಗ ಧೈರ್ಯ ಒಟ್ಟುಮಾಡಿಕೊಳ್ಳುವುದಕ್ಕೂ ಅದೇ. ‘ಗ್ಯಾದರ್’ ಅಪ್ಪಟ ಹಳೆಯ ಇಂಗ್ಲಿಷ್, ‘ಟುಗೆದರ್’ ಪದದ ನೆಂಟ, ಎಲ್ಲದಕ್ಕೂ ಸಲ್ಲುತ್ತದೆ. ‘ಐ ಗ್ಯಾದರ್ ದ್ಯಾಟ್...’ ಅಂದರೆ ‘ನನಗೆ ತಿಳಿದ ಮಟ್ಟಿಗೆ’ ಎಂಬ ಬಳಕೆಯೂ ಇದೆ. ಗ್ಲೀನ್ ಅನ್ನು ಆ ಜಾಗದಲ್ಲಿ ಹಾಗೇ ಇಡುವುದು ಕಡಿಮೆ, ‘ಫ್ರಮ್ ವಾಟ್ ಐ ಕ್ಯಾನ್ ಗ್ಲೀನ್’ ಅಂತ ಸುತ್ತಿ ಹೇಳುತ್ತಾರೆ.

ಹಳೆಯ ಅರ್ಥ ಸತ್ತಿದೆ ಅಂದುಕೊಳ್ಳಬೇಡಿ. ಕೊಯ್ಲಾದ ಮೇಲೆ ಉಳಿದ ತರಕಾರಿ ಹಣ್ಣನ್ನು ಆರಿಸಿ ಹಸಿದವರಿಗೆ ಮುಟ್ಟಿಸುವ ಸ್ವಯಂಸೇವಕರ ಕೆಲಸಕ್ಕೆ ಇಂದಿಗೂ ಗ್ಲೀನಿಂಗ್ ಅಂತಲೇ ಹೆಸರು. ಅಮೆರಿಕದಲ್ಲಿ ಆಹಾರ ದಾನ ಮಾಡುವವರಿಗೆ ರಕ್ಷಣೆ ಕೊಡುವ 1996ರ ಕಾಯಿದೆಯಲ್ಲಿ ‘ಗ್ಲೀನರ್’ ಅಂದರೆ ಯಾರು ಅಂತ ವಿವರಣೆಯೇ ಇದೆ. ಪಕ್ಷಿ ತಜ್ಞರಂತೂ ಎಲೆ ಕೊಂಬೆಗಳ ಮೇಲೆ ಕೂತ ಹುಳುಗಳನ್ನು ಒಂದೊಂದಾಗಿ ಕುಕ್ಕಿ ತಿನ್ನುವುದನ್ನು ಗ್ಲೀನಿಂಗ್ ಅನ್ನುತ್ತಾರೆ. ಹಾರುವ ಹುಳುವನ್ನು ಗಾಳಿಯಲ್ಲಿ ಹಿಡಿದರೆ ಅದಕ್ಕೆ ಆ ಹೆಸರಿಲ್ಲ.

ಇನ್ನು ನಿಮ್ಮ ವಾಕ್ಯ. ಜನ ಒಂದು ಕಡೆ ಸೇರುವುದಕ್ಕೆ ಗ್ಲೀನ್ ಯಾವ ಕಾಲಕ್ಕೂ ಬರುವುದಿಲ್ಲ, ಅದು ಬೇರೊಂದನ್ನು ಆರಿಸುವ ಕೆಲಸ. ಹಾಗಾಗಿ ‘ವಿ ಗ್ಯಾದರ್ಡ್ ನಿಯರ್ ದಿ ಗೇಟ್’ ಅಂತ ಬರೆಯಿರಿ. ಗೇಟಿನ ಹತ್ತಿರ ನಿಂತವರ ಮಾತಿನಿಂದ ಒಳಗೆ ಏನಾಗುತ್ತಿದೆ ಅಂತ ಅಷ್ಟಿಷ್ಟು ತಿಳಿದುಕೊಂಡಿದ್ದರೆ, ಅದಕ್ಕೆ ಗ್ಲೀನ್ ಹಾಕಬಹುದು.