ತೋಟಕ್ಕೆ ಕೋವಿ ಬೇಕು ಅನ್ನುವವರಿಗೆ

ಹೊಸನಗರದ ಕಡೆ ಅಡಿಕೆ ತೋಟ ತಗೊಂಡಿದ್ದೀರಿ, ಸಂತೋಷ. ಹಿಂದಿನವರು ಅಟ್ಟದ ಮೇಲೆ ಬಿಟ್ಟುಹೋದ ಕೋವಿ ಇಟ್ಟುಕೊಳ್ಳಬಹುದಾ, ಅದರ ನಳಿಗೆ, ಅಂದರೆ ಗುಂಡು ಹೊರಬರುವ ಕೊಳವೆ, ಸ್ವಲ್ಪ ಮೋಟು ಮಾಡಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ಎರಡನೇ ಮಾತನ್ನು ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ನಳಿಗೆಗೆ ಗರಗಸ ಹಾಕಬೇಡಿ.

1959ರ ಆಯುಧ ಕಾಯ್ದೆಯ 6ನೇ ಕಲಂ ಪ್ರಕಾರ ನಳಿಗೆ ಕತ್ತರಿಸುವುದಕ್ಕೇ ಬೇರೆ ಲೈಸೆನ್ಸ್ ಬೇಕು. ಅದಿಲ್ಲದೆ ಕತ್ತರಿಸಿದರೆ, 2019ರ ತಿದ್ದುಪಡಿ ಆದಮೇಲೆ, ಕಡಿಮೆ ಅಂದರೂ 7 ವರ್ಷ ಜೈಲು. ಜೀವಾವಧಿಯವರೆಗೂ ಹೋಗಬಹುದು. ಇಷ್ಟು ಬಿಗಿ ಯಾಕೆ ಅಂದರೆ, ಉದ್ದದ ಕೋವಿ ಹಿಡಿದವನು ದೂರಕ್ಕೇ ಕಾಣುತ್ತಾನೆ, ಮೋಟು ಕೋವಿಯನ್ನು ಬಟ್ಟೆಯೊಳಗೆ ಬಚ್ಚಿಡಬಹುದು ಅಲ್ವಾ?

ಹಾಗಂತ ಕಾನೂನು ರೈತನನ್ನು ಮರೆತಿಲ್ಲ. 13ನೇ ಕಲಂ ಓದಿ. ಬೆಳೆ ಕಾಯುವುದಕ್ಕೆ ಕೇಪಿನ ಕೋವಿ ಕೇಳಿದರೆ, ನಿರಾಕರಿಸಲು ಬೇರೆ ಕಾರಣ ಇಲ್ಲದಿದ್ದರೆ, ಲೈಸೆನ್ಸ್ ಕೊಡಬೇಕು ಅಂತಲೇ ಇದೆ. ನಳಿಗೆಯ ಬಾಯಿಂದ ಮದ್ದು, ಚರೆ (ಸಣ್ಣ ಗುಂಡು) ತುಂಬಿ ಗಜದಲ್ಲಿ, ಅಂದರೆ ಉದ್ದದ ಸರಳಿನಲ್ಲಿ, ಜಡಿಯುವ ಕೋವಿ ಅದು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ತೋಟಾ (ಕಾರ್ಟ್ರಿಜ್) ಹಾಕುವ ಕೋವಿಗೂ ಕೊಡಬಹುದು. ಆದರೆ ಅದರ ನಳಿಗೆ 20 ಇಂಚಿಗೆ ಕಡಿಮೆ ಇರಬಾರದು.

ಅರ್ಜಿ ಹೋಗುವುದು ಡಿಸಿ ಆಫೀಸಿಗೆ. ಪೊಲೀಸ್ ವರದಿ ಬರಬೇಕು, 21 ವರ್ಷ ತುಂಬಿರಬೇಕು. ಲೈಸೆನ್ಸ್ ಅವಧಿ 5 ವರ್ಷ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಇರುವ ವಿನಾಯಿತಿ ಮಲೆನಾಡಿಗೆಲ್ಲ ಇದೆ ಅಂತ ಹೊರಗಿನವರು ತಿಳಿದಿರುತ್ತಾರೆ. ಅದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಮಾತ್ರ, ಅದೂ 2029ರವರೆಗೆ.

ಇನ್ನೊಂದು ವಿಷಯ. ಲೈಸೆನ್ಸ್ ಸಿಕ್ಕಿತು ಅಂತ ಹಂದಿಗೆ ಗುಂಡು ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿ ಇಲ್ಲದೆ ಕೊಂದರೆ ಬೇರೆಯೇ ಕೇಸು. ಮಂಗ, ಹಂದಿ ಓಡಿಸುವುದಕ್ಕೆ ಹೆಚ್ಚಾಗಿ ಈಡಿನ ಸದ್ದೇ ಸಾಕು.

ನನಗೆ ನಿಜಕ್ಕೂ ಬೇಸರ ಆಗುವುದು ಚುನಾವಣೆ ಬಂದಾಗ. ಕೋವಿ ತಂದು ಠಾಣೆಗೆ ಒಪ್ಪಿಸಿ ಅಂತ ಕರೆ ಬರುತ್ತದೆ. ನಮ್ಮಲ್ಲಿ ಮನೆಗಳು ಒಂಟಿ ಒಂಟಿ, ಠಾಣೆ ಎಷ್ಟೋ ದೂರ. ಜಾಮೀನಿನ ಮೇಲೆ ಇರುವವರು, ಹಿಂದೆ ಗಲಾಟೆ ಮಾಡಿದವರು, ಇಂಥವರನ್ನು ನೋಡಿ ನಿರ್ಧರಿಸಲಿ ಅಂತಲೇ ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರುತ್ತದೆ. ಯಾವ ತಂಟೆಗೂ ಹೋಗದ ರೈತನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ವಿನಾಯಿತಿ ಬೇಕಾದರೆ ಆ ಸಮಿತಿಗೆ ಬೇಗ ಅರ್ಜಿ ಹಾಕಿ. ಒಪ್ಪಿಸಲೇಬೇಕಾಗಿ ಬಂದರೆ ರಸೀದಿ ಇಲ್ಲದೆ ಬರಬೇಡಿ.

ಈಗ ಅಟ್ಟದ ಕೋವಿ. ತೋಟದ ಜೊತೆ ಕೋವಿ ಕ್ರಯ ಆಗುವುದಿಲ್ಲ. ಲೈಸೆನ್ಸ್ ಇದ್ದವರು ಬದುಕಿದ್ದರೆ ಅವರನ್ನೇ ಕರೆಸಿ, ಅವರೇ ತಗೊಂಡುಹೋಗಲಿ. ತೀರಿಕೊಂಡಿದ್ದರೆ ಅದು ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಹೋಗಬೇಕು, ಆಮೇಲೆ ಅವರ ವಾರಸುದಾರರು ಅರ್ಜಿ ಹಾಕಿಕೊಳ್ಳಬಹುದು. ನೀವೇ ಅದನ್ನು ಕಾರಿನಲ್ಲಿ ಹಾಕಿಕೊಂಡು ಹೊರಡಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾಡಿ.