ಓಲ್ಡ್ ಟ್ರ್ಯಾಫರ್ಡ್ ನೋಡುವ ಮುನ್ನ ಗಿಗ್ ಲೇನಿನ ಕಥೆ ಕೇಳಿ

ಉನ್ನತ ವ್ಯಾಸಂಗಕ್ಕಾಗಿ ವಿಜಯಪುರದಿಂದ ಮ್ಯಾಂಚೆಸ್ಟರಿಗೆ ಬರಲಿರುವ ತಾವು ಮೂರು ಪ್ರಶ್ನೆ ಕೇಳಿದ್ದೀರಿ: ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಮೈದಾನವಾದ ಓಲ್ಡ್ ಟ್ರ್ಯಾಫರ್ಡಿನಲ್ಲಿ ಪಂದ್ಯ ನೋಡಲು ಟಿಕೆಟು ಸಿಗುತ್ತದೆಯೇ, ಅಲ್ಲಿಯ ಚಳಿಯನ್ನು ತಡೆದುಕೊಳ್ಳಬಹುದೇ, ಮೈದಾನದಲ್ಲಿ ನಮ್ಮವರನ್ನು ಹೇಗೆ ಕಾಣುತ್ತಾರೆ. ಬೆಳಗಾವಿಯ ಕ್ಯಾಂಪಿನಲ್ಲಿ (ಸೇನೆಯ ದಂಡು ಪ್ರದೇಶದಲ್ಲಿ) ಬೆಳೆದು, ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಬೆರಿ ಪಟ್ಟಣದಲ್ಲಿ ಮನೆ ಮಾಡಿಕೊಂಡಿರುವ ನಾನು ತಿಳಿದಷ್ಟನ್ನು ಬರೆಯುತ್ತೇನೆ.

ಚಳಿಗೆ ಎರಡು ಜೊತೆ ಕಾಲುಚೀಲ ಸಾಕು. ಜನ ಸಾಮಾನ್ಯವಾಗಿ ಸಜ್ಜನರು. ಆದರೆ ಆತಿಥೇಯ ತಂಡದ ಬೆಂಬಲಿಗರ ನಡುವೆ ಎದುರಾಳಿ ತಂಡದ ಅಂಗಿ ತೊಟ್ಟು ಕುಳಿತರೆ ಕಾವಲಿನವರು ಎಬ್ಬಿಸಿ ಹೊರಗೆ ಕಳುಹಿಸುತ್ತಾರೆ, ಅದರಲ್ಲಿ ಜಾತಿ-ಬಣ್ಣದ ಭೇದವಿಲ್ಲ. ಮಧ್ಯಂತರದಲ್ಲಿ ಸಿಗುವ ಪೈಗಳಲ್ಲಿ ಹೆಚ್ಚಿನವು ಮಾಂಸದವು, ಆದ್ದರಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮನೆಯಲ್ಲೇ ತಿಂದು ಹೊರಡುವುದು ಒಳ್ಳೆಯದು.

ಟಿಕೆಟಿನ ವಿಷಯದಲ್ಲಿ ಎಚ್ಚರವಿರಲಿ. ನಮ್ಮ ಟಾಕೀಸುಗಳ ಮುಂದೆ ನಡೆಯುತ್ತಿದ್ದ ಬ್ಲ್ಯಾಕ್ ವ್ಯವಹಾರ ನಿಮಗೆ ಗೊತ್ತೇ ಇದೆ. ಇಲ್ಲಿ ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟು ಮಾರುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಓಲ್ಡ್ ಟ್ರ್ಯಾಫರ್ಡಿನಲ್ಲಿ ಸುಮಾರು 74,000 ಆಸನಗಳಿದ್ದರೂ ಅವುಗಳಲ್ಲಿ ಬಹುಪಾಲು ವರ್ಷದ ಟಿಕೆಟು ಪಡೆದವರ ಪಾಲು, ಆದ್ದರಿಂದ ಮೊದಲು ಕ್ಲಬ್ಬಿನ ಸದಸ್ಯರಾಗಿ, ನಂತರ ಕಾಯಿರಿ. ನಾನು ಬಂದ ಹೊಸತರಲ್ಲಿ ಟಿಕೆಟು ಸಿಗದೆ ಆ ಕ್ರೀಡಾಂಗಣವನ್ನು ಹೊರಗಿನಿಂದಲೇ ಸುತ್ತು ಹಾಕಿದ್ದೆ. ಯುನೈಟೆಡ್ ತಂಡದ ಎಂಟು ಆಟಗಾರರೂ ಸೇರಿ 23 ಜನರನ್ನು ಬಲಿ ತೆಗೆದುಕೊಂಡ ಮ್ಯೂನಿಕ್ ವಿಮಾನ ದುರಂತದ ದಿನಾಂಕವನ್ನು, ಅಂದರೆ 1958ರ ಫೆಬ್ರವರಿ 6 ಎಂಬುದನ್ನು ಬರೆದ ಗಡಿಯಾರ ಅಲ್ಲಿಯ ಗೋಡೆಯ ಮೇಲಿದೆ. 1941ರಲ್ಲಿ ಜರ್ಮನರ ಬಾಂಬಿಗೆ ಆ ಮೈದಾನ ಹಾಳಾದಾಗ ಯುನೈಟೆಡ್ ತಂಡ 1949ರವರೆಗೆ ತನ್ನ ಬದ್ಧ ಎದುರಾಳಿ ಮ್ಯಾಂಚೆಸ್ಟರ್ ಸಿಟಿಯ ಮೇನ್ ರೋಡ್ ಮೈದಾನದಲ್ಲಿ ಆಡಿತೆಂಬುದು ನನಗೆ ತಿಳಿದದ್ದೂ ಆಮೇಲೆಯೇ. ಟಿ.ವಿ.ಯಲ್ಲಿ ಗೋಲುಗಳನ್ನಷ್ಟೇ ನೋಡಿ ಬಂದವನಿಗೆ ಇದೆಲ್ಲ ಹೊಸದಾಗಿತ್ತು.

ಒಂದು ವಿಚಿತ್ರ ನಿಯಮವನ್ನು ಹೇಳಬೇಕು. ಶನಿವಾರ ಮಧ್ಯಾಹ್ನ ಮೂರು ಗಂಟೆಯ ಪಂದ್ಯಗಳನ್ನು ನೀವು ವಿಜಯಪುರದಲ್ಲಿ ಕುಳಿತು ನೇರವಾಗಿ ನೋಡಿರಬಹುದು, ಆದರೆ ಬ್ರಿಟನ್ನಿನ ಟಿ.ವಿ.ಯಲ್ಲಿ ಅವು ಬರುವುದಿಲ್ಲ. ದೊಡ್ಡ ಪಂದ್ಯ ನೋಡುತ್ತ ಜನ ಮನೆಯಲ್ಲೇ ಉಳಿದರೆ ಸಣ್ಣ ಕ್ಲಬ್ಬುಗಳ ಮೈದಾನಗಳು ಬರಿದಾಗುತ್ತವೆಂಬ ಭಯವೇ ಅದಕ್ಕೆ ಕಾರಣ. ಸಣ್ಣ ಕ್ಲಬ್ಬು ಕಳೆದುಹೋದರೆ ಊರಿಗೆ ಏನಾಗುತ್ತದೆಂದು ನಾನು ಕಲಿತದ್ದು ಬೆರಿಯಲ್ಲಿ.

ನಮ್ಮ ಪಟ್ಟಣದ ಕ್ಲಬ್ಬು 1885ರಿಂದ ಗಿಗ್ ಲೇನ್ ಮೈದಾನದಲ್ಲಿ ಆಡುತ್ತಿತ್ತು, 1894ರಿಂದ ಫುಟ್‌ಬಾಲ್ ಲೀಗಿನಲ್ಲಿತ್ತು. ಇಂಗ್ಲೆಂಡಿನ ಹಳೆಯ ನಾಕೌಟ್ ಟೂರ್ನಿಯಾದ ಎಫ್.ಎ. ಕಪ್ಪಿನ 1903ರ ಫೈನಲ್ಲಿನಲ್ಲಿ ಡರ್ಬಿ ಕೌಂಟಿಯನ್ನು 6-0 ಅಂತರದಿಂದ ಸೋಲಿಸಿದ ಅದರ ಅತಿ ದೊಡ್ಡ ಗೆಲುವಿನ ದಾಖಲೆಯನ್ನು ಮ್ಯಾಂಚೆಸ್ಟರ್ ಸಿಟಿ ಸರಿಗಟ್ಟಿದ್ದು 2019ರ ಮೇ ತಿಂಗಳಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ, ಮೇಲಿನ ದರ್ಜೆಗೆ ಏರಿದ ಖುಷಿ ಆರುವ ಮೊದಲೇ, ಹಣಕಾಸು ಕೆಟ್ಟುಹೋಗಿದ್ದ ಬೆರಿಯನ್ನು ಲೀಗಿನಿಂದ ಹೊರಹಾಕಿದರು. ಆ ದಿನ ಬೆಳಗಿನಿಂದ ನೂರಾರು ಜನ, ಶನಿವಾರ ಪಂದ್ಯ ನಡೆದೇ ತೀರುತ್ತದೆಂಬ ಆಸೆಯಲ್ಲಿ, ಮೈದಾನಕ್ಕೆ ಹೋಗಿ ಕಸ ಗುಡಿಸುತ್ತ ಆಸನ ಒರೆಸುತ್ತಿದ್ದರು. ನಮ್ಮ ಪಕ್ಕದ ಮನೆಯ ಅಜ್ಜಿಯೂ ತಮ್ಮದೇ ಬಕೆಟ್ಟು, ಚಿಂದಿ ಬಟ್ಟೆ ಹಿಡಿದು ಹೋಗಿದ್ದರು. ರಾತ್ರಿ ಸುದ್ದಿ ಬಂದಾಗ ಒದ್ದೆ ಕೈಗವಸುಗಳು ಅವರ ಹೊಸ್ತಿಲ ಮೇಲೆ ಇನ್ನೂ ಒಣಗಿರಲಿಲ್ಲ. ಬೇರೆ ಕ್ಲಬ್ಬನ್ನು ಬೆಂಬಲಿಸಬಾರದೇ ಎಂದು ಮುಂದೊಮ್ಮೆ ಯಾರೋ ಕೇಳಿದಾಗ ಅವರು ಬೇಸರದಿಂದ ಮುಖ ತಿರುಗಿಸಿದ್ದನ್ನು ಕಂಡಿದ್ದೇನೆ. ಮನೆದೇವರನ್ನು ಬದಲಾಯಿಸಿಕೊಳ್ಳಿ ಎಂದು ನಮ್ಮ ಕಡೆಯ ಹಿರಿಯರಿಗೆ ಹೇಳಿದರೆ ಏನಾದೀತು, ನೀವೇ ಊಹಿಸಿಕೊಳ್ಳಿ.

ಆ ಬಳಿಕ ಬೆಂಬಲಿಗರೇ ಸಂಘ ಕಟ್ಟಿದರು, 2022ರಲ್ಲಿ ಸರ್ಕಾರದ ನೆರವೂ ಸೇರಿ ಮೈದಾನವನ್ನು ಕೊಂಡುಕೊಂಡರು, ಮರುವರ್ಷ ಬೆಂಬಲಿಗರ ಎರಡು ಬಣಗಳು ಒಂದಾಗಿ ಅಲ್ಲಿ ಮತ್ತೆ ಆಟ ಶುರುವಾಯಿತು. ತಂಡ ಈಗ ಎಷ್ಟೋ ದರ್ಜೆ ಕೆಳಗಿದೆ, ಆದರೆ ಮೈದಾನ ಅವರದು.

ಇದನ್ನು ಕಂಡಾಗಲೆಲ್ಲ ನನಗೆ ಬೆಳಗಾವಿ ನೆನಪಾಗಿ ಹೊಟ್ಟೆ ಉರಿಯುತ್ತದೆ. ನಮ್ಮ ಕ್ಯಾಂಪಿನ ಹುಡುಗರು ಬರಿಗಾಲಲ್ಲೇ ಫುಟ್‌ಬಾಲ್ ಆಡುತ್ತಿದ್ದರು, ಸರ್ದಾರ್ಸ್ ಹೈಸ್ಕೂಲ್ ಮೈದಾನದ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಸೇರುತ್ತಿದ್ದ ಜನರನ್ನು ಕಂಡರೆ ಇಲ್ಲಿಯ ಎಷ್ಟೋ ಕ್ಲಬ್ಬುಗಳು ಅಸೂಯೆಪಡಬೇಕು. ಆಟಕ್ಕೂ ಜನಕ್ಕೂ ಕೊರತೆಯಿರಲಿಲ್ಲ. ಆದರೆ ನಾವು ಆಡುತ್ತಿದ್ದ ಮೈದಾನ ಶಾಲೆಯದು, ಇಲ್ಲವೇ ಸೇನೆಯದು, ಇಲ್ಲವೇ ಸರ್ಕಾರದ್ದು. ಟೂರ್ನಿ ಬಂದಾಗ ಕೂಡಿದ ತಂಡ, ಟೂರ್ನಿ ಮುಗಿದೊಡನೆ ಚದುರುತ್ತಿತ್ತು. ನಾಳೆ ಅಲ್ಲಿ ಕಟ್ಟಡ ಎದ್ದರೆ ಇದು ನಮ್ಮದೆಂದು ಬಕೆಟ್ಟು ಹಿಡಿದು ಹೋಗುವವರು ಯಾರು? ನನ್ನ ಪ್ರಾಯದವರು ಅಂಥ ಕ್ಲಬ್ಬೊಂದನ್ನು ಕಟ್ಟದೆಯೇ ಊರು ಬಿಟ್ಟೆವು ಎಂಬ ಕೊರಗು ನನಗಿದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಓಲ್ಡ್ ಟ್ರ್ಯಾಫರ್ಡನ್ನು ಖಂಡಿತ ನೋಡಿ, ತಡಮಾಡಬೇಡಿ. ಅದರ ಪಕ್ಕದಲ್ಲೇ ಒಂದು ಲಕ್ಷ ಆಸನಗಳ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆಯನ್ನು ಯುನೈಟೆಡ್ 2025ರಲ್ಲಿ ಪ್ರಕಟಿಸಿದೆ. ಪಂದ್ಯದ ಟಿಕೆಟು ಸಿಗದಿದ್ದರೆ ಬಿಡುವಿನ ದಿನ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಯಾವುದಾದರೂ ಶನಿವಾರ ವಿಕ್ಟೋರಿಯಾ ನಿಲ್ದಾಣದಿಂದ ಬೆರಿಯ ಟ್ರಾಮ್ ಹಿಡಿಯಿರಿ, ಹಿಂದಿನ ದಿನ ತಿಳಿಸಿದರೆ ನಾನೇ ನಿಲ್ದಾಣಕ್ಕೆ ಬರುತ್ತೇನೆ. ಅಲ್ಲಿಂದ ಗಿಗ್ ಲೇನಿಗೆ ನಡೆದೇ ಹೋಗಬಹುದು.