ಗ್ಲೊಕೋಮಾ ಇರುವವರು ಸಕ್ಕರೆ ಕಾಯಿಲೆಯ ನರದ ನೋವಿಗೆ ಮಾತ್ರೆ ತಗೊಳ್ಳಬಹುದಾ?

ತಗೊಳ್ಳಬಹುದು. ಆದರೆ ಯಾವ ಮಾತ್ರೆ, ಯಾವ ಬಗೆಯ ಗ್ಲೊಕೋಮಾ (ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಅನ್ನೋದು ಮುಖ್ಯ. ಪಾದದ ಉರಿ, ಜೋಮಿಗೆ ಕೊಡುವ ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಕಣ್ಣಿನ ಪಾಪೆಯನ್ನು ಹಿಗ್ಗಿಸಬಹುದು. ಕಣ್ಣೊಳಗಿನ ನೀರು ಹೊರಹೋಗುವ ಮೂಲೆ ಮೊದಲೇ ಕಿರಿದಾಗಿದ್ದರೆ ಅದು ಮುಚ್ಚಿಕೊಂಡು, ಕಣ್ಣಿನ ಒತ್ತಡ ಕೆಲವೇ ಗಂಟೆಗಳಲ್ಲಿ ಏರಬಹುದು. ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ ಲೇಸರ್‌ನಿಂದ ಸಣ್ಣ ತೂತು ಮಾಡಿಸಿಕೊಂಡವರಿಗೆ ಈ ಭಯ ತುಂಬಾ ಕಡಿಮೆ. ಮೂಲೆ ತೆರೆದೇ ಇರುವ ಗ್ಲೊಕೋಮಾದಲ್ಲೂ ಅಷ್ಟೇ.

ಇದೇ ನೋವಿಗೆ ಕೊಡುವ ಪ್ರೆಗಾಬಲಿನ್, ಗಾಬಾಪೆಂಟಿನ್ ಪಾಪೆಯ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಕಣ್ಣು ಸ್ವಲ್ಪ ಮಂಜಾಗಬಹುದು, ಕಿಡ್ನಿ ಸರಿಯಿಲ್ಲದಿದ್ದರೆ ಡೋಸ್ ಇಳಿಸಬೇಕು.

'ನನ್ನ ಮೂಲೆ ಕಿರಿದಾ, ತೆರೆದಿದೆಯಾ?' ಅಂತ ಕಣ್ಣಿನ ಡಾಕ್ಟರನ್ನು ಕೇಳಿ, ಮಾತ್ರೆ ಬರೆಯುವವರಿಗೂ ಹೇಳಿ. ಸುಮ್ನೆ ಹೆದರಿ ಮಾತ್ರೆ ನಿಲ್ಲಿಸಬೇಡಿ. ಆದರೆ ಕಣ್ಣು ಕೆಂಪಾಗಿ ಜೋರು ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.